ಮುತ್ತಯ್ಯ ಮುಚ್ಚದೆ ಬಿಟ್ಟ ಸಿಡಿ

ಸಹೃದಯರಾದ ವಾಚಕ ಮಹಾಶಯರೇ, ಮನುಷ್ಯನ ಪತನಕ್ಕೆ ಮಹಾಪಾಪಗಳೇ ಬೇಕೆಂಬ ನಂಬಿಕೆ ತಮ್ಮಲ್ಲಿದ್ದರೆ ಅದನ್ನು ಅರ್ಧ ಗಳಿಗೆಯ ಮಟ್ಟಿಗೆ ಬದಿಗಿರಿಸಬೇಕೆಂದು ವಿನಂತಿ. ತಮಿಳುನಾಡಿನ ಹನುಮಂತನಪಟ್ಟಿಯಲ್ಲಿ ಕನ್ನಡ ಮನೆಮಾತಿನ ಮುತ್ತಯ್ಯನಿಗೆ ಉದ್ದಿನಕಾಳಿನ ಗಾತ್ರದ ಒಂದು ಗುಂಡಿಯೇ ಸಾಕಾಯಿತು. ಅದನ್ನೂ ಅವನು ಒತ್ತಿದ್ದಲ್ಲ, ಒತ್ತದೆ ಬಿಟ್ಟದ್ದು.

ಗುಂಡಿಯಿದ್ದದ್ದು ಸಿಡಿ ಬರೆಯುವ ಯಂತ್ರದಲ್ಲಿ. ಕಂಪ್ಯೂಟರಲ್ಲ, ಸ್ಟೀರಿಯೋ ಸೆಟ್ಟಿನಲ್ಲಿ ಆಂಪ್ಲಿಫೈಯರಿನ ಕೆಳಗೆ ಕೂರುವ, ಮಡಿಸಿಟ್ಟ ಜಮಖಾನದಂಥ ಕಪ್ಪು ಪೆಟ್ಟಿಗೆ. ಹಿಂದಿನ ತಂತಿಯಿಂದ ಕ್ಯಾಸೆಟ್ಟಿನ ಹಾಡು ಒಳಗೆ ಹರಿದರೆ ಮುಂದಿನ ತಟ್ಟೆಯಲ್ಲಿ ಸಿಡಿ ಸಿದ್ಧವಾಗುತ್ತಿತ್ತು. ಹಾಡೆಂದರೆ ಸಿಡಿಯೇ ಎಂದು ಲೋಕ ನಂಬಿದ್ದ ಆ ವರ್ಷಗಳಲ್ಲಿ ಕಂಬಂ ಕಣಿವೆಗೆಲ್ಲ ಅಂಥದು ಅದೊಂದೇ. ಮುತ್ತಯ್ಯ ಅದನ್ನು ದಿಂಡುಕ್ಕಲ್ಲಿನ ಹಳೆ ಸಾಮಾನಿನ ಅಂಗಡಿಯಿಂದ ಹೊತ್ತು ತಂದದ್ದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ, ಪೆರಿಯಸಾಮಿಯ ಮೇಲಿನ ಹೊಟ್ಟೆಕಿಚ್ಚಿನಿಂದ.

ಪೆರಿಯಸಾಮಿ ಅವನ ದೊಡ್ಡಪ್ಪನ ಮಗ, ಓಡೈಪಟ್ಟಿಯಲ್ಲಿ ದ್ರಾಕ್ಷಿತೋಟದ ಒಡೆಯ. ಕಣಿವೆಗೆ ಬಳ್ಳಿಯ ರೋಗ ಬಂದರೆ ಮೊದಲು ಮುತ್ತಯ್ಯನ ದ್ರಾಕ್ಷಿಚಪ್ಪರಕ್ಕೆ ಬಂದು, ಅಲ್ಲಿ ಹೊಟ್ಟೆತುಂಬ ಉಂಡು, ಪೆರಿಯಸಾಮಿಯ ತೋಟಕ್ಕೆ ಬರಿಯ ಕುಶಲ ವಿಚಾರಿಸಲು ಹೋಗುತ್ತಿತ್ತು. ಪೆರಿಯಸಾಮಿಗೆ ಸಕ್ಕರೆ ಕಾಯಿಲೆ ಬಂದಾಗ ನೆಂಟರೆಲ್ಲ ಸಾಲುಗಟ್ಟಿ ಬಂದು ವಿಚಾರಿಸಿಕೊಂಡದ್ದನ್ನು ಕಂಡು, ಆ ಕಾಯಿಲೆ ತನಗಾದರೂ ಬರಬಾರದಿತ್ತೇ ಎಂದು ಮುತ್ತಯ್ಯ ಮೂರು ದಿನ ಕೊರಗಿದ್ದ.

ಇವೆಲ್ಲವನ್ನೂ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಮಡಿಲಿನ ವಿಷಯ. ಕಿವಿ ಚುಚ್ಚುವಾಗ ಮಗು ಸೋದರಮಾವನ ಮಡಿಲಲ್ಲಿ ಕೂರಬೇಕು. ಮುತ್ತಯ್ಯನ ಒಡಹುಟ್ಟಿದ ತಂಗಿ ಪಾಂಡೀಶ್ವರಿಯ ಮೊದಲ ಮಗುವನ್ನು, ವಂಶಕ್ಕೆ ಹಿರಿಯನೆಂಬ ನೆಪದಲ್ಲಿ, ಪೆರಿಯಸಾಮಿಯ ಮಡಿಲಿಗೆ ಹಾಕಿದ್ದರು. ಈಗ ಎರಡನೆಯದು, ವರ್ಷ ತುಂಬಿದ ಯುವಶ್ರೀಯ ಸರದಿ. ಮುತ್ತಯ್ಯ ತಂಗಿಯ ಮನೆಗೆ ಹೋಗಿ, ಪೆರಿಯಸಾಮಿ ಅಣ್ಣ ಮೂವತ್ತು ತಟ್ಟೆ ತವರಿನ ಉಡುಗೊರೆಯ ಸೀರು ತಂದಾನು, ನಾನು ನಮ್ಮವ್ವನ ದನಿಯನ್ನೇ ತರುತ್ತೇನೆ ಎಂದ. ಪಾಂಡೀಶ್ವರಿಯ ಕಿವಿ ಚುಚ್ಚಿದ ದಿನ ತಾಯಿ ಮುನಿಯಮ್ಮಾಳ್ ಹಾಡಿದ್ದಳೆಂಬ ಹಾಡುಗಳ ಕ್ಯಾಸೆಟ್ಟು ಅವನ ಬಳಿ ಇತ್ತು. ಪಾಂಡೀಶ್ವರಿಯ ಕಣ್ಣು ತುಂಬಿ ಬಂತು. ಅವ್ವನ ಪಾಟು, ಅಂದರೆ ಹಾಡು, ಮಂಡಪದಲ್ಲಿ ಕೇಳಿಸಿದರೆ ಮಡಿಲು ನಿನ್ನದೇ ಎಂದು ಮಾತು ಕೊಟ್ಟಳು.

ಬೇಡವೆಂದವಳು ಮುನಿಯಮ್ಮಾಳ್ ಒಬ್ಬಳೇ. "ಅಳೇ ಪಾಟು ಯಾತುಕಪ್ಪ? ಕ್ಯಾಸೆಟ್ಟು ಪೆಟ್ಟೀಲೇ ಇರ್ಲಿ ಬುಡು," ಎಂದು ಎರಡು ದಿನ ಗೋಗರೆದಳು. ತಾಯಿಯ ವಿನಯಕ್ಕೆ ಮಗ ಮನಸ್ಸಿನಲ್ಲೇ ನಮಸ್ಕರಿಸಿದ.

ಹಿಂದಿನ ದಿನ ಅವನು ಯಂತ್ರದ ಜೊತೆಗೇ ಕೊಂಡಿದ್ದ ಕ್ಯಾಸೆಟ್ ಪ್ಲೇಯರಿಗೆ ಕ್ಯಾಸೆಟ್ಟು ಹಾಕಿ, ಕೆಂಪು ಗುಂಡಿ ಒತ್ತಿ ಗದ್ದೆಗೆ ನೀರು ಕಟ್ಟಲು ಹೋದ. ಈ ಯಂತ್ರಕ್ಕೆ ಅವಸರವೆಂಬುದಿಲ್ಲ. ಹಾಡು ಎಷ್ಟು ಹೊತ್ತಿನದೋ ಬರೆಯುವುದೂ ಅಷ್ಟು ಹೊತ್ತು. ಹಿಂತಿರುಗಿ ಅದೇ ಯಂತ್ರದಲ್ಲಿ ಮೊದಲ ಹಾಡು ಕೇಳಿ, ಕಣ್ಣೊರೆಸಿಕೊಂಡು, ಸಿಡಿಯನ್ನು ಹೊಸ ಪಂಚೆಯ ನಡುವೆ ಇಟ್ಟುಕೊಂಡ.

ಬೆಳಿಗ್ಗೆ ಚಿನ್ನಮನೂರಿನ ಮಂಡಪದಲ್ಲಿ ಮೈಕ್ ಸೆಟ್ಟಿನ ಜೆಯಕುಮಾರ್ ಆ ಸಿಡಿಯನ್ನು ತನ್ನ ಪ್ಲೇಯರಿಗೆ ಹಾಕಿದ. ಪ್ಲೇಯರು ಅದನ್ನು ಒಂದಿಷ್ಟು ತಿರುಗಿಸಿ, ಒಳಗೆ ಏನೂ ಇಲ್ಲವೆಂದು ತೋರಿಸಿ, ಹಸಿಮೆಣಸು ಕಚ್ಚಿದ ಮಗುವಿನಂತೆ ಹೊರಗೆ ಉಗುಳಿತು. ನೆಂಟರು ಸುತ್ತುವರಿದರು. ಒಬ್ಬರು ಸಿಡಿಯನ್ನು ಸೆರಗಿನಿಂದ ಒರೆಸಿದರು, ಒಬ್ಬರು ಬಿಸಿಲಿಗೆ ಹಿಡಿದರು. ಮುತ್ತಯ್ಯನ ಚಿಕ್ಕಪ್ಪ ಪಳನಿಸಾಮಿ ಅದಕ್ಕೆ ವಿಭೂತಿ ಹಚ್ಚಿ ತಿಕ್ಕಿದರು. ಪ್ಲೇಯರು ಪ್ರತಿಸಲವೂ ಅದೇ ನಿಷ್ಠೆಯಿಂದ ಉಗುಳಿತು.

ದ್ರಾಕ್ಷಿಯ ಬುಟ್ಟಿಗಳನ್ನು ಇಳಿಸುತ್ತಿದ್ದ ಪೆರಿಯಸಾಮಿ ಹತ್ತಿರ ಬಂದು ಮುತ್ತಯ್ಯನ ಬೆನ್ನು ಸವರಿದ. "ಪರವಾಯಿಲ್ಲ ತಂಬಿ. ನಮ್ಮ ಕಾರಲ್ಲಿ ಸಿಡಿ ಅದೆ, ಅದನ್ನ ಆಕ್ಸು."

ಬೈದಿದ್ದರೂ ಮುತ್ತಯ್ಯ ತಡೆದುಕೊಳ್ಳುತ್ತಿದ್ದ. ಈ ಕರುಣೆ ಅವನ ಎದೆಯಲ್ಲಿ ಉಗುರುಸುತ್ತಿನಂತೆ ಮಿಡಿಯತೊಡಗಿತು.

ಜೆಯಕುಮಾರ್ ಸಿಡಿಯ ಬೆನ್ನನ್ನು ನೋಡಿ ತಮಿಳಿನಲ್ಲಿ ತೀರ್ಪು ಕೊಟ್ಟ: "ಇದು ಇನ್ನುಂ ಮೂಡಲೆ ಅಣ್ಣೇ." ಇನ್ನೂ ಮುಚ್ಚಿಲ್ಲವೆಂದು ಅರ್ಥ. ಬರೆದು ಮುಗಿದ ಮೇಲೆ ಯಂತ್ರದ ಕೊನೆಯ ಗುಂಡಿ ಒತ್ತಿ ಸಿಡಿಯನ್ನು ಮುಚ್ಚಬೇಕಂತೆ; ಮುಚ್ಚದ ಸಿಡಿಯನ್ನು ಬರೆದ ಯಂತ್ರವಲ್ಲದೆ ಮತ್ತಾವ ಯಂತ್ರವೂ ಓದಲಾರದಂತೆ. ಗುಂಡಿಯ ಸಂಗತಿಯನ್ನು ದಿಂಡುಕ್ಕಲ್ಲಿನ ಅಂಗಡಿಯವನು ಹೇಳಿರಲಿಲ್ಲ. ಮುಹೂರ್ತಕ್ಕೆ ಎರಡು ಗಂಟೆ ಉಳಿದಿತ್ತು. ಮುತ್ತಯ್ಯ ಬಸ್ ನಿಲ್ದಾಣಕ್ಕೆ ಓಡಿದ. ಪಾಡದಿದ್ದರೆ ಪಾಪ ಬರುವುದಿಲ್ಲ ಎಂದು ಮುನಿಯಮ್ಮಾಳ್ ಹಿಂದಿನಿಂದ ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಮನೆ ತಲುಪಿದಾಗ ಊರಿಗೆ ಊರೇ ಕರೆಂಟಿಲ್ಲದೆ ಬೆವರುತ್ತಿತ್ತು. ಮುತ್ತಯ್ಯ ಯಂತ್ರದ ತಂತಿಗಳನ್ನು ಕಿತ್ತು, ಅದನ್ನು ಹೆಂಡತಿಯ ಹತ್ತಿಯ ಸೀರೆಯಲ್ಲಿ ಸುತ್ತಿ, ಎದೆಗವಚಿಕೊಂಡು ಮರಳಿ ಬಸ್ ಹತ್ತಿದ. ಎಳೆಮಗುವೆಂದು ತಿಳಿದು ಒಬ್ಬಾಕೆ ಎದ್ದು ಜಾಗ ಕೊಟ್ಟಳು. ಉಸಿರುಕಟ್ಟುತ್ತದೆ, ಮುಖದ ಮೇಲಿನ ಬಟ್ಟೆ ಸರಿಸಿ ಎಂದಳು. ಸರಿಸಿದಾಗ ಕಂಡ ಕಪ್ಪು ಮುಖವನ್ನು ನೋಡಿ, ಚಿನ್ನಮನೂರು ಬರುವ ತನಕ ಅವಳು ತನ್ನ ಮಗುವನ್ನು ಆ ಕಡೆಗೇ ತಿರುಗಿಸಿಕೊಂಡಿದ್ದಳು.

ಮಂಡಪದಲ್ಲಿ ಅಕ್ಕಸಾಲಿ ಆಸಾರಿ ಚಿನ್ನದ ಸೂಜಿಯನ್ನು ಹಿಡಿದು ಕಾಯುತ್ತಿದ್ದ. ಗುಂಡಿ ಒತ್ತಿ ಮುಚ್ಚುವುದಕ್ಕೂ ವ್ಯವಧಾನವಿಲ್ಲವೆಂದು ಜೆಯಕುಮಾರ್ ಯಂತ್ರವನ್ನೇ ತನ್ನ ಆಂಪ್ಲಿಫೈಯರಿಗೆ ಸಿಕ್ಕಿಸಿದ; ಮುತ್ತಯ್ಯ ಸಿಡಿ ಹಾಕಿ ಗುಂಡಿ ಒತ್ತಿದ. ಎರಡು ದೊಡ್ಡ ಪೆಟ್ಟಿಗೆಗಳಿಂದ ಹೆಂಗಸಿನ ಏರುದನಿ ಮಂಡಪವನ್ನು ತುಂಬಿತು. ತಮಿಳು ಬೆರೆಯದ ಮನೆಮಾತಿನ ಹಾಡು. ಎಷ್ಟೋ ಹುಡುಗಿಯರಿಗೆ ಅರ್ಧ ತಿಳಿಯಿತು, ಮುದುಕಿಯರಿಗೆ ಪೂರ್ತಿ. ಮುದುಕಿಯರು ಅತ್ತರು. ಮುತ್ತಯ್ಯ ಹೊಸ ಪಂಚೆಯನ್ನು ಸರಿಪಡಿಸಿಕೊಂಡು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಪಾಂಡೀಶ್ವರಿ ಯುವಶ್ರೀಯನ್ನು ತಂದು ಅವನ ಮಡಿಲಿಗಿಟ್ಟಳು.

ಆ ಕ್ಷಣದಲ್ಲಿ ಅವನು ಹುಡುಕಿದ್ದು ಪೆರಿಯಸಾಮಿಯ ಮುಖವನ್ನು. ಆ ಮುಖ ಕಂದಿತ್ತು. ನಿದ್ದೆಯಲ್ಲಿ ನಡೆವವನಂತೆ ಪೆರಿಯಸಾಮಿ ಹಾಡಿನ ಪೆಟ್ಟಿಗೆಯ ಬಳಿ ಹೋಗಿ, ಅದರ ಮೇಲೆ ಅಂಗೈಯಿಟ್ಟು ನಿಂತ. ಉರಿಯುತ್ತಿದ್ದಾನೆ, ಚೆನ್ನಾಗಿ ಉರಿಯಲಿ ಎಂದುಕೊಂಡ ಮುತ್ತಯ್ಯ. ಮೂವತ್ತು ವರ್ಷಗಳ ಬಿಸಿಲಿನ ಮೇಲೆ ತಣ್ಣೀರು ಹೊಯ್ದಂತಾಯಿತು.

"ಸಾಕು ಕಣಪ್ಪ, ನಿಲ್ಸು," ಎಂದು ಮುನಿಯಮ್ಮಾಳ್ ಕುರ್ಚಿಯಿಂದ ಏಳಹೋದಳು. ಇಂಥ ತಾಯಿ ಯಾರಿಗುಂಟು ಎನ್ನುತ್ತ ನೆಂಟರು ಅವಳನ್ನು ಹಿಡಿದು ಕೂರಿಸಿದರು.

ಕೊನೆಯ ಹಾಡು ಬಂತು. ಆ ಕುಲದ ಹೆಂಗಸರಲ್ಲಿ ಹಾಡಿದವಳು ಕೊನೆಯಲ್ಲಿ ತನ್ನ ಗುರುತು ಹೇಳಿ ಮುಗಿಸುವುದು ವಾಡಿಕೆ. ಮನೆಯ ಹಳೆಯ ಟೇಪ್‌ರೆಕಾರ್ಡರು ಅಲ್ಲಿಗೆ ಬರುವ ಮೊದಲೇ ಟೇಪನ್ನು ನುಂಗತೊಡಗುತ್ತಿದ್ದುದರಿಂದ ಈ ತುದಿಯನ್ನು ಮುತ್ತಯ್ಯ ಜನ್ಮದಲ್ಲಿ ಕೇಳಿರಲಿಲ್ಲ. ಬರೆಯುವಾಗ ಕೇಳಬಹುದಿತ್ತು, ಆಗ ಅವನು ಗದ್ದೆಯಲ್ಲಿದ್ದ.

"ಪಾಡ್ದೋಳು ನಾನವ್ವ, ಪೆರಿಯಸಾಮಿ ತಾಯಿ,
ದೀಪ ಇಡ್ಕಂಡು ನಿಂತೋಳು ಓರಗಿತ್ತಿ ಮುನಿಯಮ್ಮ,
ಪಾಡಾಕೆ ಬಾರದೋಳು, ಎಣ್ಣೆ ಚೆಲ್ಲದೆ ನಿಂತೋಳು."

ಮುತ್ತಯ್ಯ ತಾಯಿಯತ್ತ ತಿರುಗಿದ. ಮುನಿಯಮ್ಮಾಳ್ ಸೆರಗನ್ನು ಬಿಗಿಯಾಗಿ ಹೊದ್ದು ಗೋಡೆ ನೋಡುತ್ತ ಹೇಳಿದಳು: "ಅದ್ರಲ್ಲಿ ನಾನೂ ಇದೀನಿ ಅಂತ ತಾನೆ ಏಳಿದ್ದು. ಇದೀನಲ್ಲ."

ಪೆರಿಯಸಾಮಿ ಬಂದು ಚಾಪೆಯ ಮೇಲೆ ಕುಸಿದು, ಮುತ್ತಯ್ಯನ ಎರಡು ಕೈಗಳನ್ನೂ ಹಿಡಿದುಕೊಂಡ. "ಅವ್ವ ಸತ್ತು, ಅವಳ ಕೊರಲು ಕೇಳಿ ಅದಿನಾರು ವರ್ಸ ಆತು ತಂಬಿ. ಸ್ವಂತ ಮಗ ನಾನು, ನಂಗೆ ತೋಚ್ಲಿಲ್ಲ. ನೀನು ಮೆಷಿನ್ನ ಒತ್ಕಂಡು ಬಂದೆ."

ದೊಡ್ಡಮ್ಮನ ಮೇಲೆ ಇಂಥ ಭಕ್ತಿಯನ್ನು ತಾವು ಕಂಡಿಲ್ಲವೆಂದು ಪಳನಿಸಾಮಿ ಮೈಕಿನಲ್ಲಿ ಸಾರಿದರು. ಅಲ್ಲವೆನ್ನಲು ಮುತ್ತಯ್ಯ ಬಾಯಿ ತೆರೆದ. ಅಲ್ಲವೆಂದರೆ ತಾಯಿಯ ಸುಳ್ಳು ಬಯಲಾಗುತ್ತದೆ. ಹೌದೆಂದರೆ ತಾನು ದೇವರಾಗುತ್ತೇನೆ. ಬಾಯಿ ಮುಚ್ಚಿಕೊಂಡ. ಪಾಂಡೀಶ್ವರಿ ಕಣ್ಣೊರೆಸಿಕೊಂಡು ಬಾಗಿ, ಮಗುವನ್ನು ಅವನ ಮಡಿಲಿನಿಂದ ಎತ್ತಿದಳು.

"ತಾಯಿ ಪಾಡ್ತಾ ಇರೋವಾಗ ಮಗು ಮಗನ ಮಡ್ಲಲ್ಲಿ ಇರಬೇಕು ಅಣ್ಣ. ನಿನ್ನ ಮನಸ್ಸೂ ಅದೇ ತಾನೆ?"

ಪೆರಿಯಸಾಮಿಯ ಮಡಿಲಲ್ಲಿ ಯುವಶ್ರೀಯ ಕಿವಿಗಳನ್ನು ಚುಚ್ಚಿದರು. ಹಾಡನ್ನು ಮೊದಲಿನಿಂದ ಹಾಕೆಂದರು. ಯಾವ ಗುಂಡಿ ಎಂದು ಬಲ್ಲವನು ಮುತ್ತಯ್ಯನೊಬ್ಬನೇ ಆದ್ದರಿಂದ, ಶುಭಕಾರ್ಯ ನಡೆಯುವಾಗ ಅವನು ಆಂಪ್ಲಿಫೈಯರಿನ ಹಿಂದೆ, ಜೆಯಕುಮಾರನ ಪಕ್ಕದಲ್ಲಿ ಕುಕ್ಕರುಗಾಲಲ್ಲಿದ್ದ. ಊಟದ ಪಂಕ್ತಿ ಏಳುವಷ್ಟರಲ್ಲಿ ನಲವತ್ತು ಮನೆಯವರು ಆ ಸಿಡಿ ತಮಗೂ ಒಂದೊಂದು ಬೇಕೆಂದು ಕೇಳಿಯಾಗಿತ್ತು.

ಇದನ್ನೆಲ್ಲ ಮುತ್ತಯ್ಯ, ದಾರಿಯಲ್ಲಿ ಎರಡು ದಿನ ಅವನಲ್ಲಿ ತಂಗಿದ್ದ ನನಗೆ ಹೇಳಿದ್ದು ಅವನ ಮನೆಯ ಜಗಲಿಯ ಮೇಲೆ. ಒಳಗೆ ಹನ್ನೊಂದನೆಯ ಪ್ರತಿ ಸುತ್ತುತ್ತಿತ್ತು. ಪ್ರತಿಯೊಂದಕ್ಕೂ ಕ್ಯಾಸೆಟ್ಟನ್ನು ಮೊದಲಿನಿಂದ ತುದಿಯವರೆಗೆ ಓಡಿಸಲೇಬೇಕು. ಗದ್ದೆಗೆ ಹೋಗಲು ಈಗ ಅವನಿಗೆ ಧೈರ್ಯವಿಲ್ಲ. ಅಣ್ಣನ ಕಾರಿಗೆ ಬೇರೆ, ಮನೆಗೆ ಬೇರೆ ಎಂದು ಹೇಳಿಕಳಿಸಿದ್ದಾರೆ ಎಂದ, ತುಟಿ ಕಚ್ಚಿ. ನಾನು ಓಡೈಪಟ್ಟಿಯ ಮೇಲೆ ಹೋಗುವವನಾದರೆ ಎರಡನ್ನೂ ಮುಟ್ಟಿಸಲು ಸಾಧ್ಯವೇ ಎಂದು ವಿಚಾರಿಸಿದ. ನನ್ನ ದಾರಿ ದಿಂಡುಕ್ಕಲ್ಲಿನದು ಎಂದೆ. ಒಗೆದು ಒಣಹಾಕಿದ್ದ ಟವಲು, ಓದಿ ಮುಗಿಸಿದ ಎರಡು ಅಗ್ಗದ ಕಾದಂಬರಿ, ಬಾಚಣಿಗೆ, ಇಷ್ಟನ್ನು ಚೀಲಕ್ಕೆ ತುರುಕಿ ಹೆಗಲಿಗೇರಿಸಿದೆ. ಓರಗಿತ್ತಿ ದೀಪ ಹಿಡಿದು ನಿಲ್ಲುವ ಸಾಲಿಗೆ ಹಾಡು ಬಂದಿತ್ತು. ಒಳಗೆ ಮುನಿಯಮ್ಮಾಳ್ ಪಾತ್ರೆಗಳನ್ನು ಬೇಕೆಂದೇ ದಡಬಡಿಸುತ್ತಿದ್ದಳು. ನಾನು ಮೆಟ್ಟಿಲಿಳಿದು ಬಸ್ಸಿನ ರಸ್ತೆಯತ್ತ ನಡೆದೆ.