ಒಂಬತ್ತು ಪಾದದ ಮನೆ

"ಗೌಂಡಿ ಬೇಡ, ಅಯ್ಯನವರು ಬೇಡ, ಪಂಚಾಂಗವೂ ಬೇಡ! ನನ್ನ ಮನೆಯ ಅಳತೆ ನಾನೇ ಹಾಕುತ್ತೇನೆ!"

ಕಾಳಗಿಯ ನಮ್ಮ ಹಳೆಯ ಮನೆಯ ಒಂದೂವರೆ ಅಂಕಣದ ನಡುವೆ ನಿಂತು ಹೀಗೆ ಸಾರಿದವನು ಬೇರೆ ಯಾರೂ ಅಲ್ಲ, ನಾನೇ. ಏನು ಸಾಮಾನ್ಯ ಮನುಷ್ಯನೇ ನಾನು? ನಿಜಾಮ ಸರ್ಕಾರದ ಶಾಲೆಯಲ್ಲಿ ನಲವತ್ತೆರಡು ಹುಡುಗರಿಗೆ ಉರ್ದುವಿನಲ್ಲಿ ಲೆಕ್ಕ ಕಲಿಸುವ ಬಸವಂತರಾಯ ಮಾಸ್ತರ!

ಹೆಂಡತಿ ಗುರುದೇವಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಹೋದ ವರ್ಷ ಕಪಾಟ ಅಳದು ಮಾಡಿಸಿದ್ರಿ. ಇನ್ನಾ ಅಂಗಳದಾಗೇ ಅದ. ಬಾಗಿಲದಾಗ ಹಿಡೀವಲ್ದು."

"ತಪ್ಪು ಕಪಾಟಿಂದಲ್ಲ, ಬಾಗಿಲದ್ದು!"

"ಹೌದ್ರಿ. ನಿಮ್ಮದು ಯಾವಾಗ ತಪ್ಪಿದ್ದದ?"

ಬಾಗಿಲ ಮಾತು ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರು. ಪಾಲಾದಾಗ ತಲೆಬಾಗಿಲು ಕಾಕನ ಪಾಲಿಗೆ ಹೋಗಿ, ನಮಗೆ ಉಳಿದದ್ದು ದನ ಹೋಗಿಬರುವ ಹಿಂಬಾಗಿಲು. ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ ನಮ್ಮವ್ವ ಶರಣಬಸಮ್ಮನಿಗೆ ಇದ್ದದ್ದು ಒಂದೇ ಆಸೆ. "ದನದ ಬಾಗಿಲದಿಂದ ನನ್ನ ಹೊರಗ ಒಯ್ಯಬ್ಯಾಡೋ ಬಸವಂತಾ. ನಮ್ಮದೇ ಒಂದು ಹೊಸ್ತಿಲ ಇಡು. ಅಷ್ಟು ಸಾಕು."

ಅದಕ್ಕೇ ನನಗೆ ಅವಸರ. ಗೌಂಡಿ ಮಶಾಕ ಶಹಾಬಾದಿಗೆ ಫರಸಿಕಲ್ಲು ನೋಡಲು ಹೋದವನು ಇನ್ನೂ ಬಂದಿರಲಿಲ್ಲ. ಅವನಿಗಾಗಿ ಕಾಯುತ್ತ ಕೂಡಲೇ? ಸೋಮವಾರ ಬೆಳಿಗ್ಗೆ ಬಿಸಿಲಿಗೆ ತಲೆಯ ಮೇಲೆ ಬಿಳಿ ವಸ್ತ್ರ ಹೊದ್ದು, ಹೆಗಲ ಮೇಲೆ ಗುದ್ದಲಿ ಇಟ್ಟು, ಮನೆಯ ಹಿಂದಿನ ಖಾಲಿ ಜಾಗಕ್ಕೆ ದಂಡಯಾತ್ರೆ ಹೊರಟೆ!

ನಮ್ಮ ಕಡೆ ಮನೆಯನ್ನು ಯಜಮಾನನ ಮೊಳದಿಂದ ಅಳೆಯುತ್ತಾರೆ. ಮೊಳದುದ್ದದ ಕೋಲು ಕಡಿದುಕೊಂಡರೂ ಪ್ರತಿ ಮೊಳಕ್ಕೂ ಬಗ್ಗಬೇಕು, ಗುರುತು ಹಾಕಬೇಕು, ಮತ್ತೆ ಬಗ್ಗಬೇಕು. ನನ್ನ ಹುಡುಗರು ನೋಡಿದರೆ ಮಾಸ್ತರನ ಮಾನವೇನಾದೀತು? ಬಗ್ಗುವವನಲ್ಲ ನಾನು! ಹಿಮ್ಮಡಿಗೆ ಹೆಬ್ಬೆರಳು ಹಚ್ಚಿ, ಪಾದದ ಮುಂದೆ ಪಾದ ಇಡುತ್ತ ನಡೆದೆ. ಮೊದಲು ದೇವರ ಕೋಣೆ. "ಏಳು... ಎಂಟು... ಒಂಬತ್ತು!" ಸಾಕು, ದೇವರಿಗೆ ಒಂಬತ್ತು ಪಾದ ಧಾರಾಳ. ಗೆರೆ ಎಳೆಯಲು ಸುಣ್ಣ ತೀರಿತ್ತು. ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿಯನ್ನೇ ಕೋಲಿಗೆ ಕಟ್ಟಿಕೊಂಡು, ನಿಂತಲ್ಲಿಂದಲೇ ಬೆಳ್ಳಗೆ ಗೆರೆ ಎಳೆದೆ. ಬುದ್ಧಿಯೆಂದರೆ ಬುದ್ಧಿ!

ಅಷ್ಟರಲ್ಲಿ ಓಣಿಯ ಕಾಶಪ್ಪ, ನಮ್ಮಕ್ಕನನ್ನು ಕೊಟ್ಟ ಊರು ಕೊಡ್ಲಿಗೆ ಹೊರಟ ಬಂಡಿ ನಿಲ್ಲಿಸಿದ. ನನ್ನನ್ನೂ ಗೆರೆಯನ್ನೂ ಗುದ್ದಲಿಯನ್ನೂ ನೋಡಿದ. ತಲೆಯ ರುಮಾಲು ತೆಗೆದು ಎದೆಗೆ ಹಿಡಿದುಕೊಂಡ.

"ಯಾವಾಗ, ಮಾಸ್ತರ?"

"ಸಂಜಿಗೇ ತೋಡೋದು. ಅವ್ವನ ಸಲುವಾಗಿ ಜಲ್ದಿ ಮಾಡಾಕತ್ತೀನಿ."

"ಪುಣ್ಯವಂತಿ," ಎಂದು ಕಣ್ಣೊರೆಸಿಕೊಂಡು ಎತ್ತುಗಳನ್ನು ಹೊಡೆದುಕೊಂಡು ಹೋದ. ನಮ್ಮ ಹೊಸ ಮನೆಯೆಂದರೆ ಊರಿಗೆ ಇಷ್ಟು ಪ್ರೀತಿಯೇ ಎಂದು ನಾನು ಉಬ್ಬಿಹೋದೆ!

ಇಳಿಹೊತ್ತಿಗೆ ಕೊಡ್ಲಿಯಿಂದ ಅದೇ ಬಂಡಿ ತಿರುಗಿ ಬಂತು. ಅದರಲ್ಲಿ ನಮ್ಮಕ್ಕ ಸಾಬಮ್ಮ! ಬಂಡಿ ನಿಲ್ಲುವ ಮೊದಲೇ ಜಿಗಿದು, ಅಂಗಳದ ಕಪಾಟಿಗೆ ತಲೆ ಬಡಿದುಕೊಂಡು ಹಾಡಿ ಅಳತೊಡಗಿದಳು.

"ನಾಕು ಎಮ್ಮಿ ಹಿಂಡಿದಾಕಿ ನಮ್ಮವ್ವಾ... ನನಗ ಬಂಗಾರದ ಬೋರಮಾಳ ಕೊಡ್ತೀನಂದಾಕಿ ನಮ್ಮವ್ವಾ..."

ಒಳಗಿನಿಂದ ಕ್ಷೀಣವಾದ ದನಿ ಬಂತು. "ಆರು ಎಮ್ಮಿ! ಬೋರಮಾಳ ಗುರುದೇವಿಗಂದೀನಿ. ನಿನಗ ಪಾಟಲಿ ಅಂದಿದ್ನಿ, ಸಾಬಮ್ಮಾ."

ಸಾಬಮ್ಮ ಅಳುವನ್ನು ಅರ್ಧಕ್ಕೇ ನುಂಗಿದಳು. "ಅವ್ವ ಜೀವಂತ ಇದ್ದಾಳಾ? ಮತ್ತ ಯಾರು ಹೋದ್ರೋ ತಮ್ಮಾ?"

"ನಮ್ಮ ಮನ್ಯಾಗ ಹೋಗಿದ್ದು ಇವರ ಬುದ್ಧಿ ಒಂದೇ," ಎಂದಳು ಗುರುದೇವಿ.

ಸುದ್ದಿ ಕೇಳಿ ಬಿಲ್ವಪತ್ರೆ ಹಿಡಿದು ಬಂದಿದ್ದ ಮಠದ ಗುರುಲಿಂಗಯ್ಯನವರು ನೇರ ಹಿಂದಿನ ಜಾಗಕ್ಕೆ ಹೋಗಿ ನನ್ನ ಗೆರೆಗಳನ್ನು ನೋಡುತ್ತ ನಿಂತರು.

"ಒಂಬತ್ತು ಪಾದ. ವಿಭೂತಿ ಗೆರಿ. ಇದು ಕುಣಿ ಅಳತಿ, ಖರೇ ಅದ. ಯಾರ ಪಾದ ಇವು?"

"ನನ್ನವೇರಿ ಅಯ್ಯನವರ. ಇದು ದೇವರ ಕೋಣಿ..."

"ಮನಿ ಮೊಳದಿಂದ ಅಳೀತಾರ ಮಾಸ್ತರ. ಪಾದದಿಂದ ಅಳೆಯೋದು ಹೆಣ ಇಡೋ ಕುಣಿ. ಸತ್ತವರ ಪಾದಕ್ಕ ದಾರ ಹಿಡದು, ಅವರವರ ಕುಣಿ ಅವರವರ ಪಾದದಿಂದ. ನಿಮ್ಮಪ್ಪಂದೂ ಹಂಗೇ ಅಳದೀವಿ."

ಅಪ್ಪ ತೀರಿಕೊಂಡ ದಿನ ನಾನು ಗುಲ್ಬರ್ಗಾದಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಮಣ್ಣು ಮುಚ್ಚಿದ ಮೇಲೆ ಬಂದೆ. ಆ ಪರೀಕ್ಷೆಯಲ್ಲಿ ಲೆಕ್ಕಕ್ಕೆ ನೂರಕ್ಕೆ ತೊಂಬತ್ತೆಂಟು!

ಕಾಶಪ್ಪ ಆಗತಾನೇ ಸುತ್ತಿಕೊಂಡಿದ್ದ ರುಮಾಲನ್ನು ಮತ್ತೆ ತೆಗೆದ. ಈ ಸಲ ನನ್ನ ಕಡೆ ನೋಡಿ! ಸಾಬಮ್ಮ ರಾಗ ಬದಲಿಸಲು ಗಂಟಲು ಸರಿಮಾಡಿಕೊಂಡಳು. ಎಂದೂ ಮಾತು ಸೋಲದ ಗುರುದೇವಿ, ಹಿಟ್ಟಿನ ಕೈಯಿಂದ ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಗೆರೆ ಬಿಟ್ಟು ಹಿಂದೆ ಸರಿದೆ.

"ಸರೀರಿ ಎಲ್ಲಾರೂ."

ತಿರುಗಿ ನೋಡಿದರೆ ಅವ್ವ! ಮೂರು ತಿಂಗಳು ಮಗ್ಗುಲು ಬದಲಿಸಲೂ ಆಗದವಳು, ದನದ ಬಾಗಿಲಿನಿಂದ ಗೋಡೆ ಹಿಡಿದು ಬಂದಿದ್ದಳು. ಯಾರನ್ನೂ ಮುಟ್ಟಗೊಡಲಿಲ್ಲ. ಬರಿಗಾಲಿನಿಂದ ನನ್ನ ಗೆರೆಗಳನ್ನು ಒಂದೊಂದಾಗಿ, ಬೆಂಕಿ ಆರಿಸಿದ ಹಾಗೆ ತಿಕ್ಕಿ ತಿಕ್ಕಿ ಅಳಿಸಿದಳು. ಕೊನೆಯ ಗೆರೆ ಹೋದ ಮೇಲೆ ಅಲ್ಲೇ ಕುಸಿದು, ಒಣಗಿದ ಕಡ್ಡಿಯಂಥ ಕೈಯನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ನೆಲಕ್ಕೆ ಚಾಚಿದಳು.

"ಇದರಿಂದ ಅಳೀರಿ. ಯಜಮಾನಿ ಇನ್ನಾ ನಾನಿದ್ದೀನಿ. ಏನಾರ ಆಗೋದಿದ್ರ ನನಗ ಆಗಲಿ."

ಕಾಶಪ್ಪ ತನ್ನ ಬಾರುಕೋಲನ್ನು ಆಕೆಯ ಮೊಳಕ್ಕೆ ಸರಿಯಾಗಿ ಮುರಿದ. ಮಶಾಕ ಬಂದವನೇ ಆ ಕೋಲು ನೋಡಿ, "ಮಾಸ್ತರ ಸಾಬ್, ನಾಕು ಮೊಳಕ್ಕ ಬಾಗಿಲ ಗಿಡ್ಡ ಆಗ್ತದ," ಎಂದ. ಆಗಲಿ ಎಂದೆ. ಬುನಾದಿಗೂ ಮೊದಲು ಚೌಕಟ್ಟನ್ನೇ ನಿಲ್ಲಿಸಿದೆವು. ಗೋಡೆಯಿಲ್ಲ, ಮಾಳಿಗೆಯಿಲ್ಲ, ಬಯಲಿನಲ್ಲಿ ಒಂದು ಬಾಗಿಲು!

ಅವ್ವ ದಿನವೂ ಅದರ ಒಳಗಿನ ಕಡೆ ಗೋಣಿತಾಟು ಹಾಸಿಸಿಕೊಂಡು ಕೂಡುತ್ತಿದ್ದಳು. ಹೋಗಿಬರುವವರನ್ನು "ಹೊಸ್ತಿಲ ದಾಟಿ ಒಳಗ ಬರ್ರಿ, ಕುಂದ್ರಿ" ಎಂದು ಕರೆಯುತ್ತಿದ್ದಳು. ಹದಿನೇಳನೆಯ ದಿನ ಕೂತಲ್ಲೇ ಹೋದಳು.

ಗುರುಲಿಂಗಯ್ಯನವರು ಆಕೆಯ ಪಾದಕ್ಕೆ ದಾರ ಹಿಡಿದರು. ಒಂಬತ್ತು ಪಾದ ಸೇರಿದರೂ ಎಷ್ಟು ಚಿಕ್ಕ ಜಾಗ!

ಅವ್ವನನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಹೊರಟೆ. ಬಾಗಿಲ ಎರಡೂ ಕಡೆ ಬಯಲೇ. ಸುತ್ತು ಹಾಕಿ ಹೋಗಬಹುದಿತ್ತು. ಯಾರೂ ಹೋಗಲಿಲ್ಲ. ನಾನು ಹೊಸ್ತಿಲ ಮೇಲೆ ಕಾಲಿಟ್ಟದ್ದೇ ಠಣ್ ಎಂದು ಹಣೆ ಮೇಲಿನ ಚೌಕಟ್ಟಿಗೆ ಬಡಿಯಿತು.

ಹಿಂದೆ ಅಳುತ್ತಿದ್ದ ಗುರುದೇವಿ ಮೆಲ್ಲಗೆ ಅಂದಳು: "ಬಗ್ರಿ. ನಮ್ಮತ್ತಿ ಮೊಳ ಅದ."

ಬಗ್ಗಿದೆ.