ಹತ್ತು ಡಿಗ್ರಿಯ ಮೂಲಾ ನಕ್ಷತ್ರ

ದಿಕ್ಕಿಲ್ಲದವರನ್ನು ಕಂಡರೆ ಜನ ಕನಿಕರಪಡುತ್ತಾರೆ. ದಿಕ್ಕು ತಿಳಿಯದವರನ್ನು ಕಂಡರೆ ನಗುತ್ತಾರೆ. ನಾನು ಎರಡನೆಯ ಪಂಗಡದವನು. ಮೈಸೂರಿನಲ್ಲಿದ್ದಷ್ಟು ಕಾಲ ಚಾಮುಂಡಿ ಬೆಟ್ಟ ಯಾವ ಕಡೆ ಕಾಣುತ್ತದೆಂದು ನೋಡಿಕೊಂಡು ಹೇಗೋ ಮಾನ ಉಳಿಸಿಕೊಂಡಿದ್ದೆ. ಎಪ್ಪತ್ತರ ದಶಕದಲ್ಲಿ ಮಿಶಿಗನ್ನಿಗೆ ಬಂದೆ ನೋಡಿ, ಬೆಟ್ಟವೂ ಹೋಯಿತು, ಮಾನವೂ ಹೋಯಿತು. ಇಲ್ಲಿ ‘ಪಶ್ಚಿಮ’ ಎಂದು ಬೋರ್ಡು ಹಾಕಿಕೊಂಡ ಹೆದ್ದಾರಿ ತನಗೆ ತೋಚಿದಾಗ ಉತ್ತರಕ್ಕೆ ತಿರುಗಿಬಿಡುತ್ತದೆ, ಕೇಳುವವರಿಲ್ಲ. ವಿಕ್ಸಮ್ ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳ ನಕ್ಷೆ ಬರೆಯುವುದು ನನ್ನ ಕೆಲಸವಾಗಿತ್ತು. ಕಾಗದದ ಮೇಲೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಸಂಜೆ ಹೊರಗೆ ಬಂದರೆ ನನ್ನ ಕಾರನ್ನು ಎಲ್ಲಿ ನಿಲ್ಲಿಸಿದ್ದೇನೆಂದು ಕಾಲು ಗಂಟೆ ಹುಡುಕುತ್ತಿದ್ದೆ. ಇಂಥ ನಾನು ಹೆಂಡತಿಗೆ ಆಕಾಶದಲ್ಲಿ ನಕ್ಷತ್ರ ತೋರಿಸುತ್ತೇನೆಂದು ಮಾತು ಕೊಟ್ಟೆ.

ಅದೂ ಎಂಥ ನಕ್ಷತ್ರ? ಅವಳು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಆ ನಕ್ಷತ್ರದ ಹುಡುಗಿ ಸೊಸೆಯಾಗಿ ಬಂದ ಮನೆಯಲ್ಲಿ ಮಾವ ಉಳಿಯುವುದಿಲ್ಲ ಎಂದು ನಮ್ಮವರ ನಂಬಿಕೆ. ನವರಾತ್ರಿಯಲ್ಲಿ ಸರಸ್ವತಿಯನ್ನು ಕೂರಿಸುವುದು ಮೂಲಾ ನಕ್ಷತ್ರದ ದಿನವೇ ತಾನೇ ಎಂಬ ಧೈರ್ಯದ ಮೇಲೆ ಅವಳ ತಂದೆ ಮಗಳಿಗೆ ಸರಸ್ವತಿ ಎಂದು ಹೆಸರಿಟ್ಟರು. ಗಂಡಿನ ಕಡೆಯವರು ಆ ಹೆಸರಿಗೆ ಮಣಿಯಲಿಲ್ಲ. ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಹಾಡು ಕೇಳಿದರು, ಜಾತಕ ಬಿಡಿಸಿದರು, ಎದ್ದು ಹೋದರು. ಹೀಗೆ ಏಳು ಮನೆ. ಎಂಟನೆಯದು ನಮ್ಮದು. ನಾನು ಕಾಲೇಜಿನಲ್ಲಿದ್ದಾಗಲೇ ನನ್ನ ತಂದೆ ತೀರಿಕೊಂಡಿದ್ದರಿಂದ ಆ ನಕ್ಷತ್ರಕ್ಕೆ ನಮ್ಮ ಮನೆಯಲ್ಲಿ ಮಾಡಲು ಏನೂ ಕೆಲಸ ಉಳಿದಿರಲಿಲ್ಲ. ಆದರೂ ನಾನು ಜಾತಕಗೀತಕ ನಂಬದ ವಿಚಾರವಂತನೆಂದು ಸರಸುವಿನ ಮುಂದೆ ವರ್ಷಗಟ್ಟಲೆ ಮೆರೆದುಕೊಂಡು ಬಂದಿದ್ದೆ.

ಒಂದು ಭಾನುವಾರ ಲೈಬ್ರರಿಯಿಂದ ತಂದ ನಕ್ಷತ್ರದ ಪುಸ್ತಕ ತಿರುವುತ್ತಾ, ಚೇಳಿನಾಕಾರದ ವೃಶ್ಚಿಕದ ಬಾಲದ ಕೊಂಡಿಯೇ ನಮ್ಮ ಮೂಲಾ, ಅದರ ಪಕ್ಕದಲ್ಲೇ ಒಂದು ಸೊಗಸಾದ ನಕ್ಷತ್ರಗುಚ್ಛ ಇದೆಯಂತೆ ಎಂದು ಓದಿ ಹೇಳಿದೆ. ಸರಸು ಬೀನ್ಸ್ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. ಮದುವೆಗೆ ಮುಂಚೆ ಮನೆಯಲ್ಲಿ ಆ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲವಂತೆ, ಇನ್ನು ತೋರಿಸುವವರು ಯಾರು?

“ಏಳು ಮನೆಯವರು ನನ್ನ ಬೇಡ ಅಂದ್ರು. ಆ ನಕ್ಷತ್ರ ಹೇಗಿದೆ ಅಂತ ನಾನೊಂದ್ಸಲ ನೋಡಬೇಡ್ವೇನ್ರೀ?” ಎಂದಳು.

ಅದೇನು ಮಹಾ, ಗುಚ್ಛದ ಸಮೇತ ಈ ವಾರವೇ ತೋರಿಸುತ್ತೇನೆ ಎಂದುಬಿಟ್ಟೆ. ಆಮೇಲೆ ಪುಸ್ತಕದ ಮುಂದಿನ ಪುಟ ಓದಿದೆ. ಉತ್ತರಕ್ಕೆ ಹೋದಷ್ಟೂ ದಕ್ಷಿಣದ ನಕ್ಷತ್ರಗಳು ನೆಲದ ಕಡೆಗೆ ಇಳಿಯುತ್ತವಂತೆ. ಮೈಸೂರಿನಲ್ಲಿ ನಲವತ್ತು ಡಿಗ್ರಿ ಎತ್ತರಕ್ಕೆ ಏರುವ ಮೂಲಾ ನಮ್ಮಲ್ಲಿ ಹತ್ತೇ ಡಿಗ್ರಿ. ಅಲ್ಲಿ ನಲವತ್ತು ಡಿಗ್ರಿ, ಇಲ್ಲಿ ಹತ್ತು ಎಂದು ನಾನು ಗೊಣಗಿದ್ದು ಕೇಳಿಸಿ ಸರಸು ಆಗಸ್ಟ್ ತಿಂಗಳಲ್ಲಿ ಸ್ವೆಟರ್ ತೆಗೆದಿಟ್ಟಳು. ನಮ್ಮ ಬಡಾವಣೆಯ ಮನೆಯ ಹಿತ್ತಿಲಲ್ಲಿ ಮೂರು ಸಂಜೆ ನಿಂತೆವು. ಹತ್ತು ಡಿಗ್ರಿಯೊಳಗೆ ಕಂಡದ್ದು ಪಕ್ಕದ ಮನೆಯ ಗ್ಯಾರೇಜು, ಅದರ ಹಿಂದೆ ಮೇಪಲ್ ಮರಗಳು, ಅದರ ಹಿಂದೆ ಕಾರ್ಖಾನೆಯ ದೀಪ. ಇದರ ಜೊತೆಗೆ ಪುಸ್ತಕದ ನಕ್ಷೆಯಲ್ಲಿ ಪೂರ್ವವನ್ನು ಎಡಕ್ಕೂ ಪಶ್ಚಿಮವನ್ನು ಬಲಕ್ಕೂ ಅಚ್ಚು ಹಾಕಿದ್ದರು. ಹದಿನೈದು ವರ್ಷ ನಕ್ಷೆ ಬರೆದ ಕೈ ಸುಮ್ಮನಿರುತ್ತದೆಯೇ? ಮುದ್ರಣದೋಷವೆಂದು ಪೆನ್ಸಿಲಿನಲ್ಲಿ ತಿದ್ದಿದೆ.

ದುರ್ಬೀನು ಇದ್ದರೆ ಸುಲಭವೆಂದು ಬರೆದಿತ್ತು. ಅದು ಇದ್ದದ್ದು ಆನ್ ಆರ್ಬರ್ ಊರಿನ ಆಸ್ಪತ್ರೆಯಲ್ಲಿದ್ದ ಧಾರವಾಡದ ಡಾಕ್ಟರ್ ಪಾಟೀಲರ ಹತ್ತಿರ. ಫೋನ್ ಮಾಡಿ ನೇರವಾಗಿ ವಿಷಯಕ್ಕೆ ಬಂದೆ.

“ಡಾಕ್ಟ್ರೇ, ಮೂಲ ನೋಡಬೇಕಾಗಿತ್ತು. ಬರಿಗಣ್ಣಿಗೆ ಸಿಗ್ತಾ ಇಲ್ಲ.”

ಅವರು ದನಿ ತಗ್ಗಿಸಿದರು. “ಯಾರದ್ರೀ?”

“ನನ್ನ ಹೆಂಡ್ತೀದು.”

“ಎಷ್ಟ್ ದಿನಾ ಆತು?”

“ಹುಟ್ಟಿದಾಗಿನಿಂದ. ತುಂಬಾ ಕೆಳಗಿದೆ ಡಾಕ್ಟ್ರೇ, ಪಕ್ಕದಲ್ಲೇ ಒಂದು ಗೊಂಚಲು ಬೇರೆ ಇದೆಯಂತೆ. ನಿಮ್ಮ ದುರ್ಬೀನು ತಂದ್ರೆ ಚೆನ್ನಾಗಿ ಕಾಣುತ್ತೆ.”

“ದುರ್ಬೀನ್ ಯಾಕ್ ಬೇಕ್ರೀ ಅದಕ್ಕ? ನಾಚ್ಕೋಬ್ಯಾಡ್ರಿ, ನಾಳೆ ಮುಂಜಾನೆ ದವಾಖಾನಿಗೆ ಕರ್ಕೊಂಡ್ ಬರ್ರಿ.”

“ಬೆಳಿಗ್ಗೆ ಹೇಗೆ ಕಾಣುತ್ತೆ ಡಾಕ್ಟ್ರೇ, ಕತ್ತಲಾಗಬೇಕಲ್ಲ?”

ಪಕ್ಕದಲ್ಲಿ ನಿಂತಿದ್ದ ಸರಸು ಫೋನು ಕಿತ್ತುಕೊಂಡಳು. ನಮ್ಮ ಭಾಷೆಯಲ್ಲಿ ನಕ್ಷತ್ರಕ್ಕೂ ಮೂಲವ್ಯಾಧಿಗೂ ನಡುವೆ ಇರುವುದು ಒಂದು ದೀರ್ಘ, ಅದನ್ನೂ ನಾವು ಮಾತಿನಲ್ಲಿ ನುಂಗಿಬಿಡುತ್ತೇವೆ ಎಂಬುದು ನನಗೆ ಹೊಳೆಯುವ ಹೊತ್ತಿಗೆ ಅವಳು ಎಲ್ಲವನ್ನೂ ವಿವರಿಸಿ ಮುಗಿಸಿದ್ದಳು. ಆ ಕಡೆ ಡಾಕ್ಟರು ನಗುತ್ತಿದ್ದದ್ದು ನನ್ನವರೆಗೂ ಕೇಳಿಸಿತು. ಎರಡು ದಿನ ಸರಸು ನನಗೆ ಸಾರು ಬಡಿಸಿದಳೇ ಹೊರತು ಮಾತು ಬಡಿಸಲಿಲ್ಲ. ಪಾಟೀಲರು ಮಾತ್ರ ಒಳ್ಳೆಯ ದಾರಿ ತೋರಿಸಿದರು. ಅವರ ಆಸ್ಪತ್ರೆಯ ಪಾರ್ಕಿಂಗ್ ಕಟ್ಟಡದ ಮೇಲಿನ ಅಂತಸ್ತಿನಿಂದ ದಕ್ಷಿಣ ದಿಕ್ಕು ಬಯಲಾಗಿ ಕಾಣುತ್ತದೆ, ಶನಿವಾರ ಬನ್ನಿ ಎಂದರು.

ಶನಿವಾರ ಒಂಬತ್ತೂವರೆಗೆ ಮೂವರೂ ಆ ಮಾಳಿಗೆಯ ಮೇಲೆ ನಿಂತಿದ್ದೆವು. ನಾನು ಮೊದಲು ತೋರಿಸಿದ ನಕ್ಷತ್ರ ಕೆಂಪಗೆ ಮಿನುಗಿತು. ಅದು ರೇಡಿಯೋ ಗೋಪುರವೆಂದರು ಡಾಕ್ಟರು. ಎರಡನೆಯದು ನೋಡನೋಡುತ್ತಲೇ ದೊಡ್ಡದಾಗಿ, ಚಕ್ರ ಇಳಿಸಿಕೊಂಡು, ಡೆಟ್ರಾಯಿಟ್ ವಿಮಾನ ನಿಲ್ದಾಣದ ಕಡೆಗೆ ಹೋಯಿತು. ಕೊನೆಗೆ ವೃಶ್ಚಿಕದ ಕೆಂಪನೆಯ ಜ್ಯೇಷ್ಠಾ ಸಿಕ್ಕಿತು, ಅಲ್ಲಿಂದ ಬಾಲ ಹಿಡಿದು ಇಳಿದರೆ ಅಕ್ಕಪಕ್ಕ ಅಂಟಿಕೊಂಡ ಎರಡು ನಕ್ಷತ್ರಗಳ ಕೊಂಡಿಯೂ ಸಿಕ್ಕಿತು. ಗುಚ್ಛ ಮಾತ್ರ ಇಲ್ಲ. ಬಲಕ್ಕೆ ನೋಡು, ಇನ್ನೂ ಬಲಕ್ಕೆ ಎಂದು ನಾನು ಹೇಳುತ್ತಲೇ ಇದ್ದೆ. ಬಲಕ್ಕೆ ಒಂದು ಪೆಟ್ರೋಲ್ ಬಂಕು ಬಿಟ್ಟರೆ ಬೇರೇನೂ ಇರಲಿಲ್ಲ. ಮಾತು ಕೊಟ್ಟು ತಪ್ಪಿದೆನಲ್ಲ ಎಂದು ನಿಜವಾಗಿಯೂ ಬೇಸರವಾಯಿತು.

ಸರಸು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಟಾರ್ಚಿನ ಬೆಳಕು ಬಿಟ್ಟು, ಪೆನ್ಸಿಲ್ ತಿದ್ದುಪಡಿಗಳನ್ನು ನೋಡಿದಳು. ಆಮೇಲೆ ಪುಸ್ತಕವನ್ನು ತಲೆಯ ಮೇಲೆ ಬೋರಲಾಗಿ ಹಿಡಿದಳು.

“ಇದನ್ನ ಹೀಗೆ ಹಿಡಿದು ನೋಡ್ಬೇಕು ಕಣ್ರೀ. ಆಕಾಶ ಮೇಲಿರುತ್ತೆ, ಟೇಬಲ್ ಮೇಲಲ್ಲ.”

ಹಾಗೆ ಹಿಡಿದರೆ ಪೂರ್ವ ಎಡಕ್ಕೇ ಬಂದು ಕೂತಿತು. ಕೊಂಡಿಯ ಎಡಕ್ಕೆ, ತುಸು ಮೇಲೆ ಅವಳು ದುರ್ಬೀನು ತಿರುಗಿಸಿದಳು, ತಿರುಗಿಸಿದವಳು ಹಾಗೇ ನಿಂತುಬಿಟ್ಟಳು. ಬಹಳ ಹೊತ್ತಾದ ಮೇಲೆ, ಒಂದು ಹಿಡಿ ರವೆ ಚೆಲ್ಲಿದ ಹಾಗಿದೆ ಎಂದಳು.

“ಇಷ್ಟ್ ಚೆನ್ನಾಗಿದೆ. ಇದನ್ನ ಒಬ್ಬರೂ ತಲೆ ಎತ್ತಿ ನೋಡದೇನೇ ನನ್ನ ಬೇಡ ಅಂದ್ರಲ್ಲ.”

ಅವಳ ದನಿ ನಡುಗಿತು. ಆ ಏಳು ಮನೆಯವರ ಮೇಲೆ ನನಗೆ ಎಂದೂ ಬಾರದಷ್ಟು ಸಿಟ್ಟು ಬಂತು.

ಮನೆಗೆ ವಾಪಸು ಬರುವಾಗ ಅವಳು ಹಗುರಾಗಿದ್ದಳು. ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು: “ನಿಮ್ಮನ್ನ ಎಷ್ಟ್ ಮನೆಯವರು ಬೇಡ ಅಂದಿದ್ರು?”

ನೆನಪಿಲ್ಲ ಎಂದೆ, ಆ ಗಾಬರಿಯಲ್ಲಿ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿದೆ. ಚೆನ್ನಾಗಿ ನೆನಪಿದೆ. ಹನ್ನೊಂದು. ಹನ್ನೊಂದು ಕಡೆಯೂ ನನ್ನ ಜಾತಕ ಸೊಗಸಾಗಿ ಕೂಡಿಬಂದಿತ್ತು, ನಕ್ಷತ್ರದಲ್ಲಿ ಒಂದು ದೋಷವೂ ಇರಲಿಲ್ಲ. ಅವರು ಬೇಡವೆಂದದ್ದು ನನ್ನನ್ನು ನೋಡಿದ ಮೇಲೆ.