ಖಾಲಿಯಾಗದ ಎಂಟು ಬಟ್ಟಲು

ಗಂಡನಾದವನು ‘ಹ್ಞೂಂ’ ಎಂದರೆ ಹೆಂಡತಿಯ ಮಾತು ಕೇಳಿಸಿಕೊಂಡಿದ್ದಾನೆ ಎಂದು ಅರ್ಥವಲ್ಲ, ಇನ್ನೂ ಉಸಿರಾಡುತ್ತಿದ್ದಾನೆ ಎಂದಷ್ಟೇ ಅರ್ಥ. ಚಿತ್ತಾಪುರದ ಶಾಲೆಯಲ್ಲಿ ‘ಲಕ್ಷ್ಯ ಕೊಟ್ಟು ಕೇಳ್ರೋ’ ಎಂದು ವರ್ಷಗಟ್ಟಲೆ ಕೂಗಾಡಿದ ಮಾಸ್ತರ ನಾನು. ಮನೆಯಲ್ಲಿ ಮಾತ್ರ ಕೊನೆಯ ಬೆಂಚಿನ ವಿದ್ಯಾರ್ಥಿ. ಇದನ್ನು ನನ್ನ ಹೆಂಡತಿ ಮಹಾದೇವಿ ಮದುವೆಯಾದ ಮೂರನೆಯ ದಿನವೇ ಕಂಡುಹಿಡಿದಳು. ಆದರೂ ಪಾಪ, ಹೇಳುವುದನ್ನು ಬಿಡಲಿಲ್ಲ.

ನಾಲ್ಕು ವರ್ಷದಿಂದ ಅವಳು ಹೇಳುವುದೆಲ್ಲ ಕೊರಿಯಾದ ಸುದ್ದಿ. ಸೇಡಂನ ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಗೆ ಮೊಬೈಲು ಆನಿಸಿಟ್ಟು, ರೊಟ್ಟಿ ಬಡಿಯುತ್ತಲೇ ಕೊರಿಯಾದ ಧಾರಾವಾಹಿ ನೋಡುತ್ತಾಳೆ. ಅಲ್ಲಿ ನಾಯಕಿ ಅತ್ತ ದಿನ ಇಲ್ಲಿ ನನ್ನ ರೊಟ್ಟಿ ಸೀದಿರುತ್ತದೆ. ಅವಳನ್ನು ಹಿಡಿದಿಟ್ಟದ್ದು ಅಲ್ಲಿನ ಪ್ರೇಮವಲ್ಲ, ಊಟ. “ನೋಡ್ರಿ, ಗಂಡ ಹೆಂಡ್ತಿ ಎದುರಾಬದುರಾ ಕುಂತು ಎಷ್ಟ್ ಮಾತಾಡ್ಕೋತ ಉಣ್ಲಿಕತ್ತಾರ. ನೀವು ನಾಕ್ ರೊಟ್ಟಿ ನುಂಗಿ ಕೈ ತೊಳಕೊಂಡ್ ಹೋಗ್ತೀರಿ. ಒಮ್ಮೆರೆ ನಾವೂ ಹಂಗ ಕುಂತು ಉಣ್ಣಬೇಕ್ರಿ” ಎಂದು ಒಂದು ದಿನ ಮೆಲ್ಲಗೆ ಅಂದಳು. ಜಗಳದ ದನಿಯಲ್ಲಿ ಅಂದಿದ್ದರೆ ಮರೆತುಬಿಡುತ್ತಿದ್ದೆ. ಹಾಗೆ ಅನ್ನಲಿಲ್ಲವಾದ್ದರಿಂದ, ಅವಳಿಗೆ ಐವತ್ತು ತುಂಬುವ ದಿನ ಹೈದರಾಬಾದಿನ ಕೊರಿಯನ್ ಹೋಟೆಲಿಗೆ ಕರೆದುಕೊಂಡು ಹೋಗುವುದೆಂದು ಒಪ್ಪಿಕೊಂಡೆ. ಅವಳೇ ಫೋನು ಮಾಡಿ, “ಗೋಶ್ತ್ ನಕ್ಕೊ, ಮಚ್ಛಿ ನಕ್ಕೊ, ಅಂಡಾ ಭೀ ನಕ್ಕೊ” ಎಂದು ಹೇಳಿ, ಮಾಂಸ, ಮೀನು, ಮೊಟ್ಟೆ ಇಲ್ಲದ ಊಟವೆಂದು ಮೂರು ಸಲ ಖಾತ್ರಿ ಮಾಡಿಕೊಂಡಳು. ಬೆಳಗಿನ ಟ್ರೇನಿನಲ್ಲಿ ತಾಂಡೂರು ದಾಟುವವರೆಗೂ ಅಲ್ಲಿ ಹೇಗೆ ಉಣ್ಣಬೇಕೆಂದು ವಿವರಿಸಿದಳು. ನಾನು ಸ್ಟೇಷನ್ನಿಗೊಂದರಂತೆ ‘ಹ್ಞೂಂ’ ಕೊಟ್ಟೆ.

ಹೋಟೆಲು ಒಂಬತ್ತನೆಯ ಮಹಡಿಯ ಮೇಲೆ, ತೆರೆದ ಮಾಳಿಗೆಯಲ್ಲಿ. ನಮ್ಮಲ್ಲಿ ಮಾಳಿಗೆಯ ಮೇಲೆ ಶಾವಿಗೆ, ಮೆಣಸಿನಕಾಯಿ ಒಣಹಾಕುತ್ತಾರೆ. ಅಲ್ಲಿ ಛತ್ರಿಗಳ ಕೆಳಗೆ ದೊಡ್ಡ ದೊಡ್ಡ ಮನೆತನದವರು ಕೂತಿದ್ದರು. ನಾನು ಬಾಗಿಲ ಬಳಿಯೇ ನಿಂತುಬಿಟ್ಟೆ. ಆದರೆ ಕೆಳಗೆ ನೋಡಿದರೆ ಹಾಸಿದ್ದು ನಮ್ಮ ಶಹಾಬಾದಿನ ಪರಸಿ ಕಲ್ಲು! ಪರವೂರಿನಲ್ಲಿ ಬೀಗರು ಸಿಕ್ಕಷ್ಟು ಧೈರ್ಯ ಬಂತು. ಬಡಿಸುವ ಹುಡುಗಿಗೆ, “ಯೇ ಹಮಾರೆ ತರಫ್ ಕಾ ಪತ್ಥರ್ ಹೈ ಬೇಟಾ” ಎಂದು ಬೂಟಿನಿಂದ ತಟ್ಟಿ ತೋರಿಸಿದೆ. ಅವಳು ನಕ್ಕು, ಉಪ್ಪಿನಕಾಯಿ ಹಾಕುವಷ್ಟು ಸಣ್ಣ ಎಂಟು ಬಟ್ಟಲು ತಂದಿಟ್ಟಳು. ಮೂಲಂಗಿ, ಖಾರ ಹಚ್ಚಿದ ಕೋಸು, ಸೊಪ್ಪು, ಮೊಳಕೆ, ಸವತೆಕಾಯಿ, ಹೀಗೆ. ಇದೇ ಊಟ ಅಂದುಕೊಂಡೆ. ಶ್ರೀಮಂತರು ಇಷ್ಟರಲ್ಲೇ ಬದುಕುತ್ತಾರಲ್ಲ ಎಂದು ಮರುಗುತ್ತ ಎಂಟನ್ನೂ ಬಳಿದು ತಿಂದೆ.

ರಾವೂರಿನ ನಮ್ಮ ಅಜ್ಜಿ, “ತಾಟಿನ್ಯಾಗ ಅಗಳು ಬಿಟ್ರ ಶಿವನ ಮುಂದ ಏನ್ ಜವಾಬ್ ಕೊಡ್ತಿ?” ಎಂದು ಕೇಳುತ್ತಿದ್ದಳು. ಮಠದ ದಾಸೋಹದ ಪಂಕ್ತಿಯಲ್ಲಿ ಕೂತು ಬೆಳೆದವರಿಗೆ ಎಲೆಯಲ್ಲಿ ಬಿಡುವುದು ಗೊತ್ತಿಲ್ಲ. ಬಟ್ಟಲು ಖಾಲಿಯಾದದ್ದೇ ತಡ, ಹುಡುಗಿ ಓಡಿಬಂದು ಎಂಟನ್ನೂ ತುಂಬಿಸಿದಳು. ಕೇಳದೆ ಎರಡನೆಯ ಸಲ ಬಡಿಸಿದರೆ ಅದು ನಮ್ಮಲ್ಲಿ ಪ್ರೀತಿ. ಬೇಡವೆಂದರೆ ಮನಸ್ಸು ನೋಯುತ್ತದೆ. ತಿಂದೆ. ಮತ್ತೆ ತುಂಬಿಸಿದಳು. ಮತ್ತೆ ತಿಂದೆ. ಅವಳಿಗೆ ಬಟ್ಟಲು ಖಾಲಿ ಇರಬಾರದು, ನನಗೆ ಬಟ್ಟಲು ತುಂಬಿರಬಾರದು. ಮೂರನೆಯ ಸುತ್ತಿಗೆ ಮೇಜಿನ ಕೆಳಗೆ ಬೆಲ್ಟು ಸಡಿಲಿಸಿದೆ. ಕಾಪಾಡು ಎಂದು ಮಹಾದೇವಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರೆ, ಎರಡು ಕಡ್ಡಿ ಹಿಡಿದು ಒಂದೊಂದೇ ಎಳೆ ಸೊಪ್ಪು ಎತ್ತುತ್ತಿದ್ದ ಅವಳು ನನ್ನನ್ನು ನೋಡಿ ಮುಖವರಳಿಸಿ ನಕ್ಕಳು. ನಾಲ್ಕನೆಯ ಸುತ್ತನ್ನು ಬೆವರು ಒರೆಸಿಕೊಳ್ಳುತ್ತ ಮುಗಿಸಿದೆ.

ಆಗ ಬಂತು ನಿಜವಾದ ಊಟ. ಚುರ್ ಎನ್ನುವ ಎರಡು ಕಲ್ಲಿನ ಬೋಗುಣಿ, ಅದರ ತುಂಬ ಅನ್ನ, ಮೇಲೆ ಬಣ್ಣಬಣ್ಣದ ತರಕಾರಿ, ನಡುವೆ ಕೆಂಪು ಖಾರ. ನಾಲ್ಕು ವರ್ಷ ಅವಳು ಕನಸು ಕಂಡದ್ದು ಇದನ್ನೇ. “ಬಂತ್ರಿ!” ಎಂದು ತನ್ನದನ್ನು ಬಿಟ್ಟು ಮೊದಲು ನನ್ನದನ್ನು ಕಲಸಿಕೊಟ್ಟಳು.

“ನನ್ನ ಕೈಲಿ ಆಗಂಗಿಲ್ಲ” ಎಂದೆ.

ಅವಳ ಮುಖ ಇಳಿದುಹೋಯಿತು. “ಅಯ್ಯ, ಟ್ರೇನ್‌ದಾಗ ಹೇಳಿದ್ನಲ್ರಿ! ಸಣ್ಣ ಬಟ್ಟಲ ಪೂರಾ ಖಾಲಿ ಮಾಡಿದ್ರ ಮತ್ತ ತಂದು ಹಾಕ್ತಾರ, ಜರಾ ಉಳಸ್ರಿ ಅಂತ. ಹ್ಞೂಂ ಅಂದ್ರಿ!”

“ಮತ್ತ ನೀ ನೋಡ್ಕೋತ ಸುಮ್ಮ ಕುಂತಿದ್ದಿ?”

“ನಿಮಗ ಭಾಳ ಸೇರ್ಲಿಕತ್ತದ ಅಂತ ತಿಳ್ಕೊಂಡ್ನಿರಿ. ನನ್ನ ಮನಸ್ಸಿನ ಊಟ ನಿಮಗೂ ಸೇರ್ತಲ್ಲ ಅಂತ ಖುಷಿಲೆ ಕುಂತಿದ್ದೆ.”

ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು. ಆ ಕ್ಷಣಕ್ಕೆ ಒಂದು ತುತ್ತಿಗೆ ಜಾಗವಿದ್ದಿದ್ದರೂ ಬೋಗುಣಿಯನ್ನೇ ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಿದ್ದೆ. “ನೀ ಸಾವಕಾಶ ಉಣ್ಣು, ನಾ ಕುಂತಿರ್ತೀನಿ” ಎಂದೆ. ಏಳಲು ಆಗುತ್ತಲೂ ಇರಲಿಲ್ಲ.

ಅವಳು ಉಣ್ಣುತ್ತ ಮೊದಲು ಧಾರಾವಾಹಿಯ ಕತೆ ಹೇಳಿದಳು. ಅದು ಮುಗಿದ ಮೇಲೆ ತನ್ನದನ್ನು. ವಾಡಿಯ ತವರುಮನೆಯಲ್ಲಿ ಅವಳ ಅಪ್ಪ ಕಲ್ಲಿನ ಗಣಿಯಿಂದ ಮಧ್ಯಾಹ್ನ ಬಂದು, ರೊಟ್ಟಿ ಮುರಿದು ಹುಳಿಸೊಪ್ಪಿನ ಪುಂಡಿಪಲ್ಲೆ ಕಲಸಿ, ತಾಯಿಯಿಲ್ಲದ ಮಗಳನ್ನು ಎದುರಿಗೆ ಕೂಡಿಸಿಕೊಂಡು, “ಇವತ್ತ ಏನೇನ್ ಆತು ಹೇಳವ್ವ” ಎಂದು ಕೇಳುತ್ತಿದ್ದರಂತೆ. ಅವರು ಹೋದ ಮೇಲೆ ಉಣ್ಣುವಾಗ ಹಾಗೆ ಯಾರೂ ಕೇಳಲಿಲ್ಲವಂತೆ. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದು ಇದು ನನಗೆ ಗೊತ್ತೇ ಇರಲಿಲ್ಲ. ಅವಳು ತನ್ನ ಬೋಗುಣಿಯಲ್ಲಿ ಒಂದಗಳೂ ಬಿಡಲಿಲ್ಲ. ನನ್ನದನ್ನು ಡಬ್ಬಿಗೆ ಕಟ್ಟಿಸಿಕೊಂಡಳು.

ಕೆಳಗಿಳಿಯುವಾಗ ಲಿಫ್ಟಿನಲ್ಲಿ ನನ್ನ ತೋಳು ಹಿಡಿದುಕೊಂಡು, “ಲಗ್ನ ಆದಾಗಿನಿಂದ ನನ್ನ ಮಾತು ಪೂರಾ ಕೇಳಿದ್ದು ಇವತ್ತೇ ನೋಡ್ರಿ. ನಡಬರಕ್ ಒಂದ್ ಸಲಾನೂ ಬಾಯಿ ಹಾಕಲಿಲ್ಲ” ಎಂದಳು. ಒಂದು ಒಳ್ಳೆಯ ಮಾತು ಹೇಳಬೇಕೆಂದು ನನಗೂ ಬಹಳ ಅನ್ನಿಸಿತು. ಆದರೆ ಬಾಯಿ ತೆರೆದರೆ ನನಗಿಂತ ಮೊದಲು ನಾಲ್ಕು ಸುತ್ತಿನ ಮೂಲಂಗಿ ಮಾತಾಡುವುದು ಖಾತ್ರಿಯಿತ್ತು. ತುಟಿ ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಸುಮ್ಮನೆ ತಲೆಯಾಡಿಸಿದೆ. ಗಂಡನಿಗೆ ಮಾತೇ ಹೊರಡದಷ್ಟು ಮನಸ್ಸು ಕರಗಿತೆಂದು ತಿಳಿದು ಅವಳೂ ಕಣ್ಣೊರೆಸಿಕೊಂಡಳು.